ನೀಲಿ ಡ್ರಮ್ಮಿನ ಪೂರ್ವಾಶ್ರಮ

ಋಷಿಮೂಲ, ನದೀಮೂಲ ಹುಡುಕಬಾರದು ಎನ್ನುತ್ತಾರೆ. ಹಳೆಯ ಪ್ಲಾಸ್ಟಿಕ್ ಡ್ರಮ್ ಕೊಳ್ಳಲು ಹೊರಟವರು ಈ ಗಾದೆಯನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು. ಡ್ರಮ್ಮಿನ ವಿಷಯದಲ್ಲಿ ಮೂಲವೇ ಮುಖ್ಯ, ಉಳಿದದ್ದೆಲ್ಲ ರಿಪೇರಿಯ ಮಾತು. ಸೋರಿದರೆ ವಾಷರ್ ಬದಲಿಸಬಹುದು, ಅಲುಗಾಡಿದರೆ ಪಟ್ಟಿ ಬಿಗಿಯಬಹುದು. ಅದರೊಳಗೆ ಹಿಂದೆ ಏನಿತ್ತು ಎಂಬುದನ್ನು ಬದಲಿಸಲು ಯಾವ ಮೇಸ್ತ್ರಿಯಿಂದಲೂ ಆಗುವುದಿಲ್ಲ.

ಗೆಳೆಯನೊಬ್ಬ ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ ಕೊಂಡಿದ್ದಾನೆ. ಆಸನಗಳನ್ನೆಲ್ಲ ಕಳಚಿ, ಹಿಂಭಾಗದಲ್ಲಿ ಮಂಚ, ಬಾಗಿಲ ಪಕ್ಕ ಒಲೆ, ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ, ತಾಯಿಯನ್ನು ಕೂರಿಸಿಕೊಂಡು ಊರೂರು ತಿರುಗುವ ಆಸೆ ಅವನದು. ವಾಹನದ ಸ್ವರೂಪ ಬದಲಿಸುವುದೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಮನಸ್ಸಿಗೆ ಬಂದಂತೆ ಕೊಯ್ದು ಕಟ್ಟುವ ಹಾಗಿಲ್ಲ, ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಆ ಕಾಗದಪತ್ರದ ಕಷ್ಟ ಅವನ ಪಾಲಿಗೆ. ನೀರಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ನಾನು ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ನಲ್ಲಿ ನೀರು ಬರುವ ಬೀದಿಯಲ್ಲಿ ಬೆಳೆದವನು. ಬಚ್ಚಲ ಮೂಲೆಯ ನೀಲಿ ಡ್ರಮ್ ನಮ್ಮ ಮನೆಯ ಒಬ್ಬ ಸದಸ್ಯನೇ ಆಗಿತ್ತು. ಆ ಅನುಭವವೇ ನನ್ನ ಅರ್ಹತೆ.

ಹಳೆಯ ಬಸ್ಸಿಗೆ ಹೊಸ ಜನ್ಮ ಕೊಡುವುದು ಇಲ್ಲಿಗೂ ಹೊಸದಲ್ಲ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಅದೇ ವರ್ಷ ಕೇರಳದ ಸಾರಿಗೆ ನಿಗಮ ಮುನ್ನಾರಿನಲ್ಲಿ ಬಸ್ಸುಗಳನ್ನೇ ತಂಗುವ ಕೋಣೆಗಳನ್ನಾಗಿ ಬಾಡಿಗೆಗೆ ಬಿಟ್ಟಿತು. ಅಮೆರಿಕದಲ್ಲಂತೂ ಹಳದಿ ಶಾಲಾ ಬಸ್ಸುಗಳನ್ನು ಮನೆ ಮಾಡಿಕೊಂಡು ವರ್ಷಗಟ್ಟಲೆ ಬದುಕುವವರ ದೊಡ್ಡ ಬಳಗವೇ ಇದೆ. ಅಲ್ಲಿ ವಾಹನಕ್ಕೆಂದೇ ಮಾಡಿದ ಚಪ್ಪಟೆ ನೀರಿನ ಟ್ಯಾಂಕುಗಳು ಅಂಗಡಿಯಲ್ಲಿ ಸಿಗುತ್ತವೆ. ಹಾಗಿದ್ದೂ ಅಲ್ಲಿನ ಅನೇಕರು ಹಳೆಯ ಡ್ರಮ್ಮಿಗೇ ಮೊರೆ ಹೋಗುತ್ತಾರೆ. ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೊಳೆದದ್ದು ಬಾಡಿ ಕಟ್ಟುವ ಶೆಡ್ಡಿನಲ್ಲಿ ನಿಂತಾಗ.

ಗೆಳೆಯನ ಮೊದಲ ಯೋಜನೆ ಮನೆಯ ಮೇಲೆ ಇಡುವಂಥ ಕಪ್ಪು ಟ್ಯಾಂಕಿನ ಸಣ್ಣ ಗಾತ್ರದ್ದೊಂದನ್ನು ತಂದು ಬಸ್ಸಿನೊಳಗೆ ಕೂರಿಸುವುದು. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಆ ಟ್ಯಾಂಕು ಒಂದು ಕಡೆ ನಿಲ್ಲಲು ಹುಟ್ಟಿದ್ದು. ಮೇಲಿನ ಮುಚ್ಚಳ ಸುಮ್ಮನೆ ಕೂತಿರುತ್ತದೆ, ಮೊದಲ ರಸ್ತೆ ಉಬ್ಬಿಗೇ ನೀರು ಚಾವಣಿ ಮುಟ್ಟುತ್ತದೆ. ಡ್ರಮ್ ಹುಟ್ಟಿದ್ದೇ ಪ್ರಯಾಣಕ್ಕೆ. ತುಂಬಿಸಿ, ಬಿಗಿದು, ಲಾರಿಗೆ ಏರಿಸಿ, ಹಡಗಿಗೆ ಇಳಿಸಿ, ಉರುಳಿಸಿ, ಕೆಡವಿದರೂ ಸೋರಬಾರದು ಎಂಬ ಲೆಕ್ಕದಲ್ಲೇ ಅದರ ಗೋಡೆ, ಅಂಚು, ಬಿರಡೆ ಎಲ್ಲವೂ ತಯಾರಾಗಿರುತ್ತವೆ. ನಾವು ಅದನ್ನು ಬಚ್ಚಲಿನಲ್ಲಿ ನಿಲ್ಲಿಸಿದ್ದೇ ಅದರ ಸ್ವಭಾವಕ್ಕೆ ವಿರುದ್ಧವಾದದ್ದು. ಬಸ್ಸಿಗೆ ಹತ್ತಿಸಿದರೆ ಅದು ತನ್ನ ಹಳೆಯ ಕಸುಬಿಗೆ ಮರಳಿದಂತೆ.

ಇಲ್ಲೊಂದು ಅಡ್ಡಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಂದು ಜಗತ್ತಿನಾದ್ಯಂತ ಕಾಣುವ 200 ಲೀಟರಿನ ಡ್ರಮ್ಮಿನ ಮೂಲ ಅಮೆರಿಕದ 55 ಗ್ಯಾಲನ್ ಉಕ್ಕಿನ ಪೀಪಾಯಿ. ಅದರ ಪೇಟೆಂಟುಗಳು 1905ರಲ್ಲಿ ಹೆನ್ರಿ ವೆರ್‌ಹಾನ್ ಎಂಬಾತನ ಹೆಸರಿನಲ್ಲಿ ಬಂದವು. ಆತ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಒಡತಿ ನೆಲ್ಲಿ ಬ್ಲೈ. 1889-90ರಲ್ಲಿ ಹಡಗು, ರೈಲು ಹತ್ತಿ 72 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದ ಪತ್ರಕರ್ತೆ ಆಕೆಯೇ. ಒಂದು ಕೈಚೀಲ ಹಿಡಿದು ಲೋಕ ಸುತ್ತಿದವಳ ಕಾರ್ಖಾನೆಯಿಂದ ಹೊರಟ ಪೀಪಾಯಿಯ ವಂಶಸ್ಥನನ್ನು ನಾವೀಗ ಬಸ್ಸಿಗೆ ಕಟ್ಟಿಕೊಂಡು ತಿರುಗಲು ಹೊರಟಿದ್ದೇವೆ ಎಂದು ಗೆಳೆಯನಿಗೆ ಹೇಳಿದೆ. ಅವನು ಡ್ರಮ್ಮಿಗೆ ಎಷ್ಟಾಗುತ್ತದೆ ಎಂದು ಮಾತ್ರ ಕೇಳಿದ.

ಪೀಣ್ಯದ ಆಸುಪಾಸಿನಲ್ಲಿ ಹಳೆಯ ಡ್ರಮ್ ಮಾರುವವರು ರಸ್ತೆ ಬದಿಯಲ್ಲೇ ಗೋಪುರ ಕಟ್ಟಿರುತ್ತಾರೆ. ಅಂಥ ಒಂದು ಅಂಗಡಿಗೆ ಹೋದೆವು. ನೀಲಿ, ಕಪ್ಪು, ಬಿಳಿ. ಬಾಯಿ ಪೂರ್ತಿ ತೆರೆಯುವಂಥವು, ಕಬ್ಬಿಣದ ಬಳೆಯಿಂದ ಮುಚ್ಚಳ ಬಿಗಿಯುವಂಥವು, ಮೇಲೆ ಎರಡೇ ಬಿರಡೆ ಇರುವಂಥವು. ನಮಗೆ ಬೇಕಿದ್ದದ್ದು ಕೊನೆಯದು.

“ಇದರಲ್ಲಿ ಮೊದಲು ಏನಿತ್ತು ಯಜಮಾನರೇ?”

“ಆಯಿಲ್ ಇತ್ತು ಸಾರ್. ಏನೂ ಆಗುವುದಿಲ್ಲ, ಸೋಪು ಹಾಕಿ ತೊಳೆದು ಇಟ್ಟಿದ್ದೇವೆ.”

“ಎಂಥ ಆಯಿಲ್?”

“ಆಯಿಲ್ ಅಂದರೆ ಆಯಿಲ್ ಸಾರ್.”

ಅವರಲ್ಲಿ ವಂಚನೆಯೇನೂ ಇರಲಿಲ್ಲ. ಅವರಿಗೆ ಬಂದದ್ದೇ ಮೂರು ಕೈ ದಾಟಿ. ಡ್ರಮ್ಮಿನ ಹೊಟ್ಟೆಯ ಮೇಲೆ ಅಂಗೈ ಅಗಲದ ಚೌಕದಲ್ಲಿ ಅಂಟು ಕಪ್ಪುಗಟ್ಟಿ ನಿಂತಿತ್ತು. ಅಲ್ಲಿ ಒಂದು ಚೀಟಿ ಇತ್ತು, ಯಾರೋ ಉಗುರಿನಿಂದ ಕೆರೆದು ತೆಗೆದಿದ್ದಾರೆ. ಕೆಳ ಅಂಚಿನಲ್ಲಿ ಮಾತ್ರ ಕೆಂಪು ಗೆರೆಯ ಒಂದು ಮೂಲೆ ಉಳಿದಿತ್ತು. ವಜ್ರಾಕಾರದ ಕೆಂಪು ಚೌಕಟ್ಟು ಎಂದರೆ ಅಪಾಯಕಾರಿ ರಾಸಾಯನಿಕದ ಅಂತರರಾಷ್ಟ್ರೀಯ ಗುರುತು. ಒಳಗಿನ ಚಿತ್ರ ಬೆಂಕಿಯದೋ, ತಲೆಬುರುಡೆಯದೋ, ಸತ್ತ ಮೀನಿನದೋ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ, ಆ ಡ್ರಮ್ಮನ್ನು ಅಲ್ಲೇ ಬಿಟ್ಟೆವು.

ಡ್ರಮ್ಮಿನ ಮೈಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಜಾತಕ ಸಿಗುತ್ತದೆ. ತ್ರಿಕೋನದೊಳಗೆ 2 ಎಂದಿದ್ದರೆ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥೀನು. ಗಡಿಯಾರದಂಥ ವೃತ್ತದಲ್ಲಿ 1ರಿಂದ 12ರ ತನಕ ಅಂಕೆಗಳಿದ್ದು, ನಡುವಿನ ಬಾಣ ತಿಂಗಳನ್ನು ತೋರಿಸುತ್ತದೆ, ಪಕ್ಕದಲ್ಲಿ ವರ್ಷ. ‘ಯುಎನ್ 1ಎಚ್1’ ಎಂದು ಶುರುವಾಗುವ ಸಾಲೊಂದು ಇದ್ದರೆ, ಅದು ಅಪಾಯಕಾರಿ ವಸ್ತುಗಳನ್ನು ಸಾಗಿಸಲು ಪರೀಕ್ಷೆಯಲ್ಲಿ ಪಾಸಾದ, ಬಾಯಿ ತೆರೆಯದ ಪ್ಲಾಸ್ಟಿಕ್ ಡ್ರಮ್. ಅಂಥ ಕೆಲಸಕ್ಕೆ ಅದನ್ನು ತಯಾರಾದ ದಿನದಿಂದ ಐದು ವರ್ಷ ಮಾತ್ರ ಬಳಸಬೇಕೆಂಬ ನಿಯಮವಿದೆ. ನಮ್ಮ ಗುಜರಿಗೆ ಬರುವ ಅನೇಕ ಡ್ರಮ್ಮುಗಳು ಹೀಗೆ ವಯೋನಿವೃತ್ತಿ ಹೊಂದಿದವು. ಆದರೆ ಈ ಸಾಲು ಡ್ರಮ್ಮಿನ ಯೋಗ್ಯತೆಯನ್ನು ಹೇಳುತ್ತದೆಯೇ ಹೊರತು ಅದು ಏನನ್ನು ಹೊತ್ತಿತ್ತು ಎಂಬುದನ್ನಲ್ಲ. ವಿಷ ಹೊರಬಲ್ಲ ಡ್ರಮ್ಮಿನಲ್ಲಿ ಸಕ್ಕರೆ ಪಾಕವೂ ಇದ್ದಿರಬಹುದು. ‘ಫುಡ್ ಗ್ರೇಡ್’ ಎಂಬ ಮಾತಿಗೂ ಇದೇ ಮಿತಿ. ಹುಟ್ಟುವಾಗ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನಿಂದ ಹುಟ್ಟಿತು ಎಂದಷ್ಟೇ ಅದರ ಅರ್ಥ. ಆಮೇಲೆ ಯಾರ ಸಹವಾಸಕ್ಕೆ ಬಿತ್ತೋ ಆ ಮುದ್ರೆಗೆ ಗೊತ್ತಿಲ್ಲ.

ತೊಳೆದರೆ ಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಉಕ್ಕಿನ ಪಾತ್ರೆಯಾದರೆ ಹೋಗುತ್ತಿತ್ತು. ಪಾಲಿಥೀನು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಎಣ್ಣೆಯ ಜಾತಿಯ ದ್ರವಗಳನ್ನು, ದ್ರಾವಕಗಳನ್ನು, ಸುಗಂಧಗಳನ್ನು ತನ್ನ ಗೋಡೆಯೊಳಕ್ಕೇ ಎಳೆದುಕೊಳ್ಳುತ್ತದೆ. ಸೋಪಿನ ನೀರು ತೊಳೆಯುವುದು ಗೋಡೆಯ ಮೇಲ್ಮೈಯನ್ನು ಮಾತ್ರ. ಒಳಗೆ ಕೂತದ್ದು ಮುಂದೆ ನೀವು ತುಂಬುವ ನೀರಿಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಊದುಬತ್ತಿಯ ಸುಗಂಧ ತುಂಬಿದ್ದ ಡ್ರಮ್ಮಿನಲ್ಲಿ ವರ್ಷ ಕಳೆದರೂ ನೀರು ಮಲ್ಲಿಗೆ ಮಲ್ಲಿಗೆ ಎನ್ನುತ್ತಿರುತ್ತದೆ. ಅದಾದರೂ ವಾಸಿ, ಮೂಗಿಗೆ ತಿಳಿಯುತ್ತದೆ. ಮೂಗಿಗೆ ತಿಳಿಯದವೇ ಹೆಚ್ಚು ಅಪಾಯದವು.

ಇದನ್ನು ಅತಿಯಾದ ಭಯ ಎನ್ನುವವರಿಗೆ ಬಿಹಾರದ ಸಾರಣ್ ಜಿಲ್ಲೆಯನ್ನು ನೆನಪಿಸುತ್ತೇನೆ. 2013ರ ಜುಲೈಯಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದದ್ದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಕಂಡುಬಂತು; ಎಣ್ಣೆಯನ್ನು ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಇಟ್ಟಿದ್ದಿರಬಹುದು ಎಂಬ ಶಂಕೆ ಆಗ ಕೇಳಿಬಂತು. 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಯನ್ನು ಯಾರೂ ಮತ್ತೆ ಬಳಸದಂತೆ ಒಡೆದು, ಊರಿನಿಂದ ದೂರ ಹೂಳಬೇಕು ಎಂದು ಹೇಳುತ್ತವೆ. ಅಪಾಯಕಾರಿ ರಾಸಾಯನಿಕ ತಾಗಿದ ಖಾಲಿ ಪೀಪಾಯಿಗಳನ್ನು 2016ರ ತ್ಯಾಜ್ಯ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಸೇರಿಸಿವೆ. ನಿಯಮ ಹಾಗಿದೆ, ಔಷಧಿಯ ಡಬ್ಬಿ ತೊಳೆದು ಹೊಲಕ್ಕೆ ನೀರು ಒಯ್ಯುವ ದೃಶ್ಯವನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಎಲ್ಲಿಂದ ತರುವುದು? ಗುಜರಿಯಿಂದಲ್ಲ, ಡ್ರಮ್ ಖಾಲಿಯಾಗುವ ಜಾಗದಿಂದ. ಬೇಕರಿಗೆ ಗ್ಲೂಕೋಸ್ ಪಾಕ, ಮಾಲ್ಟ್ ಸಾರ ಬರುವುದು ಇಂಥ ಡ್ರಮ್ಮುಗಳಲ್ಲೇ. ನಮಗೆ ಅದೃಷ್ಟ ಒಲಿದದ್ದು ತುಮಕೂರಿನ ಕಡೆ, ಮಿಡಿಸೌತೆಯ ರೂಪದಲ್ಲಿ. ಗರ್ಕಿನ್ ಎಂದು ಹೊರದೇಶದವರು ಕರೆಯುವ ಈ ಪುಟ್ಟ ಸೌತೆಯ ಕೃಷಿ ನಮ್ಮಲ್ಲಿ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಶುರುವಾದದ್ದು. ಸಣ್ಣ ಹಿಡುವಳಿಯ ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಯುತ್ತಾರೆ. ನಾವು ಅದನ್ನು ತಿನ್ನುವುದು ಅಷ್ಟಕ್ಕಷ್ಟೇ. ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ಮುಳುಗಿಸಿ, ದೊಡ್ಡ ಡ್ರಮ್ಮುಗಳಲ್ಲಿ ತುಂಬಿ ಯುರೋಪು, ಅಮೆರಿಕಕ್ಕೆ ಕಳುಹಿಸಲಾಗುತ್ತದೆ. ಅಮೆರಿಕದ ಬಸ್ ಮನೆಯವರು ಉಪ್ಪಿನಕಾಯಿ ಡ್ರಮ್ ಸಿಕ್ಕಿತು ಎಂದು ಸಂಭ್ರಮಿಸುತ್ತಾರಲ್ಲ, ಅವುಗಳಲ್ಲಿ ಯಾವುದೋ ಒಂದು ಹಾಸನದ ಹೊಲದ ಸೌತೆ ಹೊತ್ತು ಹೋದದ್ದೂ ಇರಬಹುದು ಎಂದು ಊಹಿಸಿಕೊಂಡರೆ ನನಗೇನೋ ಖುಷಿ. ನಮಗೆ ಸಿಕ್ಕವು ಮಾತ್ರ ಕಡಲು ಕಂಡವಲ್ಲ. ಸಂಸ್ಕರಣೆಯ ಶೆಡ್ಡಿನಲ್ಲೇ ಉಪ್ಪುನೀರು ಹಿಡಿದಿಡಲು ಬಳಸಿ ಬದಿಗೆ ಸರಿಸಿದವು. ಅಲ್ಲಿನ ಮೇಲ್ವಿಚಾರಕರು ಬಿರಡೆ ಬಿಚ್ಚಿ, “ಮೂಸಿ ನೋಡಿ” ಎಂದು ಮುಂದೆ ಹಿಡಿದರು. ವಿನೆಗರ್, ಸಬ್ಬಸಿಗೆ ಬೀಜ, ಸ್ವಲ್ಪ ಬೆಳ್ಳುಳ್ಳಿ. ತಾನು ಯಾರೆಂದು ಬಾಯಿಬಿಟ್ಟು ಹೇಳಿದ ಮೊದಲ ಡ್ರಮ್ ಅದು.

ತೊಳೆಯುವುದರಲ್ಲಿ ಒಂದು ಕ್ರಮವಿದೆ, ಅದನ್ನು ತಪ್ಪಬಾರದು. ವಿನೆಗರ್ ಉಳಿದಿರುವ ಡ್ರಮ್ಮಿಗೆ ನೇರವಾಗಿ ಬ್ಲೀಚ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ; ಬಾಯಿಯ ಬಳಿ ಮುಖವಿಟ್ಟು ಇಣುಕುವವನ ಗತಿ ಕೆಡುತ್ತದೆ. ಮೊದಲು ಬಿಸಿನೀರಿಗೆ ಅಡುಗೆ ಸೋಡ ಕರಗಿಸಿ ಹಾಕಿ, ನೊರೆ ಪೂರ್ತಿ ಅಡಗಿದ ಮೇಲೆ ಬಿರಡೆ ಬಿಗಿದು, ಅಂಗಳದಲ್ಲಿ ಉರುಳಿಸಬೇಕು. ಇದು ಮಕ್ಕಳಿಗೆ ವಹಿಸಬಹುದಾದ ಕೆಲಸ, ಅವರಿಗೆ ರಜೆಯಲ್ಲಿ ಇದಕ್ಕಿಂತ ಒಳ್ಳೆಯ ಆಟ ಸಿಗಲಾರದು. ಸೋಡದ ನೀರು ಚೆಲ್ಲಿ, ಚೆನ್ನಾಗಿ ಜಾಲಾಡಿಸಿದ ಮೇಲೆ ಬ್ಲೀಚ್. 200 ಲೀಟರು ನೀರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 200 ಮಿಲಿ ಲೀಟರು ಬೆರೆಸಿದರೆ ಲೀಟರಿಗೆ 50 ಮಿಲಿ ಗ್ರಾಂ ಕ್ಲೋರಿನ್ ಆಗುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಖಾಲಿ ಮಾಡಬೇಕು. ಇಷ್ಟಾದರೂ ವಾಸನೆ ಹೋಗದಿದ್ದರೆ ಡ್ರಮ್ಮನ್ನು ಬೈಯುವ ಮೊದಲು ಬಿರಡೆಯ ರಬ್ಬರ್ ಬಳೆಯನ್ನು ಕಳಚಿ ಮೂಸಿ. ಬಹಳ ಸಲ ಕಳ್ಳ ಅಲ್ಲೇ ಅಡಗಿರುತ್ತಾನೆ. ಕೊನೆಯ ಪರೀಕ್ಷೆ ಬಿಸಿಲಿನದು: ಒಂದು ತಂಬಿಗೆ ನೀರು ಹಾಕಿ, ಬಿಗಿದು, ಮಧ್ಯಾಹ್ನದ ಬಿಸಿಲಿನಲ್ಲಿಟ್ಟು, ಸಂಜೆ ತೆರೆದು ಮೂಗಿಡಿ. ಕಾದ ಪ್ಲಾಸ್ಟಿಕ್ ಏನನ್ನೂ ಮುಚ್ಚಿಡುವುದಿಲ್ಲ.

ಇನ್ನು ಜಾಗದ ಪ್ರಶ್ನೆ. ಮಲಗಿಸಿದ ಡ್ರಮ್ ಸುಮಾರು 58 ಸೆಂಟಿಮೀಟರು ಎತ್ತರ, 90ರ ಆಸುಪಾಸು ಉದ್ದ. ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಅಡ್ಡಡ್ಡಲಾಗಿ ಮಲಗಿಸಿದರೆ ಮಿನಿ ಬಸ್ಸಿನ ಒಳ ಅಗಲ ತುಂಬುತ್ತದೆ, ಮೇಲೆ ಹಲಗೆ ಹಾಸಿದರೆ ಆರಡಿಯ ಮಂಚ. ಹಿಂದಿನ ಗಾಲಿಗಳ ತುಸು ಮುಂದೆ ಇರಲಿ ಎಂದರು ಮೇಸ್ತ್ರಿ. ತೀರ ಬಾಲಕ್ಕೆ ಹೋದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮಂಚ ಎತ್ತರವಾಯಿತು, ಗೆಳೆಯನ ತಾಯಿಗೆ ಹತ್ತಲು ಒಂದು ಮಣೆ ಮಾಡಿಸಬೇಕಾಯಿತು. “ಕಾಶಿಗೆ ಹೋಗುವವಳನ್ನು ನೀರಿನ ಮೇಲೆ ಮಲಗಿಸುತ್ತೀರಲ್ಲಪ್ಪಾ” ಎಂದರು ಅವರು. ಆದಿಶೇಷನೊಬ್ಬ ಕಡಿಮೆಯಾದ ಎಂದು ಮಗ ನಕ್ಕ.

ತುಂಬಿದ ಡ್ರಮ್ ಒಂದರ ತೂಕ 210 ಕಿಲೋ ಹತ್ತಿರ. ಬಸ್ಸಿನ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕನೆಂದರೆ 68 ಕಿಲೋ. ಅಂದರೆ ಒಂದು ಡ್ರಮ್ ಮೂರು ಟಿಕೆಟ್ಟಿಗೆ ಸಮ. ಇಪ್ಪತ್ತು ಮಕ್ಕಳನ್ನು ಹೊತ್ತ ಬಸ್ಸಿಗೆ ಇದೇನೂ ಭಾರವಲ್ಲ. ಆದರೆ ಪ್ರಯಾಣಿಕ ಬ್ರೇಕ್ ಬಿದ್ದಾಗ ಕಂಬಿ ಹಿಡಿದುಕೊಳ್ಳುತ್ತಾನೆ, ನೀರಿಗೆ ಕೈಯಿಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅದು ತನ್ನ ತೂಕದ ಅರ್ಧದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಹಾಗಾಗಿ ಹಲಗೆಯಲ್ಲಿ ಡ್ರಮ್ಮಿನ ಹೊಟ್ಟೆಗೆ ಸರಿಯಾದ ತೊಟ್ಟಿಲು ಕೊಯ್ದು, ಲಾರಿಯವರು ಸರಕು ಬಿಗಿಯುವ ಬೆಲ್ಟುಗಳನ್ನು ಎರಡೆರಡು ಹಾಕಿ, ಆ ಬೆಲ್ಟಿನ ಕೊಂಡಿಗಳನ್ನು ನೆಲದ ತಗಡಿಗಲ್ಲ, ಕೆಳಗಿನ ಚಾಸಿಸ್ಸಿನ ಅಡ್ಡಪಟ್ಟಿಗೇ ಬೋಲ್ಟು ಮಾಡಿಸಿದೆವು.

ತುಂಬಿದ ಡ್ರಮ್ಮಿಗಿಂತ ಅರ್ಧ ತುಂಬಿದ ಡ್ರಮ್ಮಿನ ಕಾಟ ಹೆಚ್ಚು ಎಂಬುದು ಟ್ಯಾಂಕರ್ ಓಡಿಸುವವರಿಗೆಲ್ಲ ಗೊತ್ತು. ತಿರುವಿನಲ್ಲಿ ಒಳಗಿನ ನೀರು ತಡವಾಗಿ ಒಂದು ಬದಿಗೆ ಹೋಗಿ ಗೋಡೆಗೆ ಹೊಡೆದು, ಬಸ್ ನೇರವಾದ ಮೇಲೆ ಮತ್ತೆ ಮರಳಿ ಹೊಡೆಯುತ್ತದೆ. ಒಂದೇ 400 ಲೀಟರಿನ ಟ್ಯಾಂಕಿನ ಬದಲು ಎರಡು ಡ್ರಮ್ ಇರುವುದರಿಂದ ನೀರಿಗೆ ಓಡಲು ಅರ್ಧ ದಾರಿಯಷ್ಟೇ ಸಿಗುತ್ತದೆ. ಎರಡನ್ನೂ ಪೈಪಿನಿಂದ ಜೋಡಿಸಿ ಒಂದೇ ಮಾಡಿಬಿಡೋಣ ಎಂದು ಗೆಳೆಯ ಹೊರಟಿದ್ದ. ಮೇಸ್ತ್ರಿ ಬೇಡವೆಂದರು, ಅವರು ಹೇಳಿದ್ದೇ ಸರಿ. ಜೋಡಿಸಿದರೆ ಎರಡರಲ್ಲೂ ನೀರಿನ ಮಟ್ಟ ಒಟ್ಟಿಗೇ ಇಳಿದು ಎರಡೂ ಅರ್ಧವಾಗುತ್ತವೆ. ನಡುವೆ ವಾಲ್ವ್ ಇಟ್ಟು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ತೆರೆದರೆ, ಯಾವ ಹೊತ್ತಿನಲ್ಲಾದರೂ ಕುಣಿಯುವುದು ಒಂದೇ.

ನಳಿಕೆಯ ಕೆಲಸದಲ್ಲಿ ನಮ್ಮ ಪ್ಲಂಬರಿಗೆ ಎದುರಾದ ಮೊದಲ ಆಶ್ಚರ್ಯ, ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯದಿರುವುದು. ಪಿವಿಸಿ ಪೈಪಿಗೆ ಹಚ್ಚುವ ಸಾಲ್ವೆಂಟ್ ಒರೆಸಿದರೆ ಹೋಗುತ್ತದೆ, ಎಂ-ಸೀಲ್ ಒಣಗಿದ ಮೇಲೆ ಬಿಲ್ಲೆಯಂತೆ ಎದ್ದು ಬರುತ್ತದೆ. ತೂತು ಕೊರೆದರೆ ರಬ್ಬರ್ ವಾಷರ್ ಇರುವ ಟ್ಯಾಂಕ್ ನಿಪ್ಪಲ್ಲನ್ನು ಒಳಗಿನಿಂದ ಬಿಗಿಯಬೇಕು. ಎರಡು ಇಂಚಿನ ಬಾಯೊಳಗೆ ಕೈ ಹೋಗುವುದಿಲ್ಲ. ಹಾಗಾಗಿ ತೂತು ಕೊರೆಯದಿರುವುದೇ ಜಾಣತನ. ಬಿರಡೆಗಳಲ್ಲಿ ಕೆಲವಕ್ಕೆ ನಡುವೆ ಮುಕ್ಕಾಲು ಇಂಚಿನ ತಿರುಪಿನ ಮರೆ (ಥ್ರೆಡ್) ಅಚ್ಚಾಗಿರುತ್ತದೆ, ತೆಳು ಪೊರೆಯೊಂದು ಅದನ್ನು ಮುಚ್ಚಿರುತ್ತದೆ. ಆ ಪೊರೆ ಕೊಯ್ದರೆ ಪೈಪು ತಿರುಗಿಸಿ ಕೂರಿಸಲು ಸಿದ್ಧವಾದ ಬಾಯಿ. ಎರಡು ಬಿರಡೆಗಳೂ ಎದುರುಬದುರು ಅಂಚಿನಲ್ಲಿರುವುದರಿಂದ, ಮಲಗಿಸಿದ ಡ್ರಮ್ಮನ್ನು ತಿರುಗಿಸಿ ಒಂದು ತಳಕ್ಕೂ ಇನ್ನೊಂದು ತಲೆಗೂ ಬರುವಂತೆ ಇಟ್ಟರೆ, ತಳದ್ದು ನೀರಿಗೆ, ತಲೆಯದ್ದು ಗಾಳಿಗೆ. ಗಾಳಿಯ ದಾರಿಯನ್ನು ಮರೆತರೆ ಪಂಪು ಎಳೆಯುತ್ತಿದ್ದಂತೆ ಡ್ರಮ್ಮಿನ ಹೊಟ್ಟೆ ಒಳಕ್ಕೆ ಸೆಳೆದು ಬೆನ್ನಿಗೆ ಹತ್ತುತ್ತದೆ. ಗಾಳಿಯ ಕೊಳವೆಯ ತುದಿಯನ್ನು ಕೆಳಕ್ಕೆ ಬಾಗಿಸಿ ಸೊಳ್ಳೆ ಜಾಲರಿ ಕಟ್ಟಬೇಕು, ಇಲ್ಲದಿದ್ದರೆ ಡೆಂಗಿಯ ಸಂಸಾರವನ್ನೂ ಪ್ರವಾಸಕ್ಕೆ ಕರೆದೊಯ್ದಂತೆ. ತುಂಬುವುದು ಸಹ ತಳದಿಂದಲೇ, ಟಿ ಹಾಕಿದ ಇನ್ನೊಂದು ಕವಲಿನಿಂದ. ಮೇಲಿನ ಕೊಳವೆಯಿಂದ ನೀರು ಹೊರಬಂದರೆ ಭರ್ತಿಯಾಯಿತೆಂದು ಲೆಕ್ಕ. ಮುಂದೆ ಒಂದು ಜಾಲರಿ ಸೋಸಕ, 12 ವೋಲ್ಟಿನ ಪಂಪು, ಅಲ್ಲಿಂದ ನಲ್ಲಿ. ಒತ್ತಡವೆಲ್ಲ ಪಂಪಿನ ಆಚೆಗೆ, ಡ್ರಮ್ಮಿನ ಮೇಲೆ ಯಾವ ಒತ್ತಡವೂ ಬೀಳುವುದಿಲ್ಲ.

ನೀಲಿ ಗೋಡೆಯೊಳಗೆ ಪಾಚಿ ಕಟ್ಟುವುದೇ ಎಂದು ತಿಳಿಯಲು ಕತ್ತಲಲ್ಲಿ ಒಳಗೊಂದು ಟಾರ್ಚ್ ಇಳಿಬಿಟ್ಟು ನೋಡಿದೆ. ಇಡೀ ಡ್ರಮ್ ದೀಪದಂತೆ ಹೊಳೆಯಿತು, ಅಂದರೆ ಬಿಸಿಲೂ ಹಾಗೆಯೇ ಒಳಗಿಳಿಯುತ್ತದೆ. ಮಂಚದ ಕೆಳಗೆ ಮುಚ್ಚಿದ್ದರಿಂದ ಈ ಚಿಂತೆ ತಪ್ಪಿತು.

ಇಷ್ಟೆಲ್ಲ ಮಾಡಿಯೂ ಕುಡಿಯುವ ನೀರನ್ನು ನಾನು ಆ ಡ್ರಮ್ಮಿಗೆ ಹಾಕಲು ಒಪ್ಪಲಿಲ್ಲ. ಸಬ್ಬಸಿಗೆ ಬೀಜದ ವಾಸನೆ ಕೊಟ್ಟ ಸಾಕ್ಷ್ಯ ನನಗೆ ಸಾಕಾದರೂ, ಕುಡಿಯಲು ಮುಚ್ಚಳದ ಸ್ಟೀಲ್ ಡ್ರಮ್ ಬೇರೆಯೇ ಇದೆ. ದಾರಿಯಲ್ಲಿ ಯಾವ ಊರಿನ ಯಾವ ಬೋರ್‌ವೆಲ್ಲಿನ ನೀರು ಡ್ರಮ್ಮಿಗೆ ತುಂಬುತ್ತದೋ ಗೊತ್ತಿಲ್ಲ. ಕೈಕಾಲಿಗೆ, ಪಾತ್ರೆಗೆ, ಸ್ನಾನಕ್ಕೆ ಅದು ಆದೀತು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರು ಎಂಬುದು ಸರ್ಕಾರದ ಮಾನದಂಡ. ಆ ಲೆಕ್ಕದಲ್ಲಿ ಎರಡು ಡ್ರಮ್ ಮೂವರಿಗೆ ಒಂದು ದಿನಕ್ಕೂ ಸಾಲದು. ಗೆಳೆಯನ ತಾಯಿ ಮಾತ್ರ ಒಂದು ತಂಬಿಗೆಯಲ್ಲಿ ಪಾತ್ರೆ ಉಜ್ಜಿ, ಅದೇ ನೀರಿನಲ್ಲಿ ಕಟ್ಟೆ ಒರೆಸಿ, ಉಳಿದದ್ದನ್ನು ಗಿಡಕ್ಕೆ ಹಾಕುವ ಕಾಲದವರು. ಪಂಪಿನ ಗುಂಡಿ ಅವರ ಕೈಯಲ್ಲಿದ್ದರೆ ಡ್ರಮ್ಮು ನಾಲ್ಕು ದಿನ ಬರುತ್ತದೆ, ಮಗನ ಕೈಯಲ್ಲಿದ್ದರೆ ಮರುದಿನವೇ ಬೋರ್‌ವೆಲ್ ಹುಡುಕಬೇಕು.

ಬಳಸಿದ ನೀರಿಗೆ ಇನ್ನೊಂದು ಡ್ರಮ್ ಬೇಕು, ಚಾಸಿಸ್ಸಿನ ಕೆಳಗೆ ನೇತುಹಾಕಲು ಅರ್ಧ ಗಾತ್ರದ್ದು. ಬಚ್ಚಲ ನೀರನ್ನು ರಸ್ತೆಗೆ ಬಿಟ್ಟುಕೊಂಡು ಹೋಗುವ ಪ್ರವಾಸಿಗರ ಪೈಕಿ ನಾವಾಗಬಾರದು ಎಂದು ಒಪ್ಪಂದವಾಗಿದೆ. ಆ ಕೆಲಸಕ್ಕೆ ಪೂರ್ವಾಶ್ರಮದ ವಿಚಾರಣೆ ಅಷ್ಟೇನೂ ಬೇಕಿಲ್ಲ, ಕೆಂಪು ವಜ್ರದ ಗುರುತು ಇಲ್ಲದಿದ್ದರೆ ಸಾಕು. ಮುಂದಿನ ವಾರ ಮತ್ತೆ ಪೀಣ್ಯಕ್ಕೆ ಹೋಗುತ್ತೇವೆ, ಆ ‘ಆಯಿಲ್’ ಯಜಮಾನರ ಬಳಿಗೇ. ಈ ಸಲ ಚೌಕಾಶಿ ಮಾಡುವ ಹೊಣೆ ಗೆಳೆಯನ ತಾಯಿಯದು.